ಸುಗ್ಗಿರಾಣಿಯ ಕಿರೀಟ: ತೆಗೆದರೂ ಜಗಳ, ಉಳಿಸಿದರೂ ಜಗಳ

ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಲ್ಲಿ ಮಾರ್ಚ್ ಬಂತೆಂದರೆ ದ್ರಾಕ್ಷಿ ಸುಗ್ಗಿಯ ಹಬ್ಬ. ಹಬ್ಬದ ಜತೆಗೆ ಸುಗ್ಗಿರಾಣಿಯ ಆಯ್ಕೆ. ಈಚಿನ ವರ್ಷಗಳಲ್ಲಿ ಇವೆರಡಕ್ಕೂ ಅಂಟಿಕೊಂಡೇ ಬರುವ ಇನ್ನೊಂದು ಸಂಗತಿ, ಈ ರಾಣಿ ನಮಗೆ ಬೇಕೇ ಎಂಬ ತಕರಾರು. ಪ್ರಾಂತ್ಯದ 18 ವಿಭಾಗಗಳಲ್ಲಿ ಒಂದಾದ ಗ್ವಾಯ್ಮಾಯೆನ್‌ನ ಸ್ಥಳೀಯ ಆಡಳಿತ 2021ರಲ್ಲಿ ತನ್ನ ರಾಣಿಯ ಆಯ್ಕೆಯನ್ನೇ ರದ್ದುಮಾಡಿತು. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬಳನ್ನು ಆರಿಸುವುದು ಈ ಕಾಲಕ್ಕೆ ಒಪ್ಪುವಂಥದ್ದಲ್ಲ ಎಂಬುದು ಅದರ ವಾದದ ತಿರುಳು. ಇದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಮುಂದಿದ್ದವರು ಹಿಂದಿನ ವರ್ಷಗಳ ರಾಣಿಯರೇ. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ದೂರದಿಂದ ಓದುವವರಿಗೆ ಇದು ಗೋಜಲಾಗಿ ಕಾಣುವುದು ಸಹಜ. ಮಹಿಳೆಯರ ಘನತೆಗಾಗಿ ಎಂದು ತೆಗೆದುಕೊಂಡ ತೀರ್ಮಾನಕ್ಕೆ ಮಹಿಳೆಯರೇ ಏಕೆ ಅಡ್ಡ ನಿಂತರು? ಬೆಳೆ ಕೊಯ್ಯುವ ಹಬ್ಬಕ್ಕೂ ಚೆಲುವಿನ ಸ್ಪರ್ಧೆಗೂ ಗಂಟು ಬಿದ್ದದ್ದಾದರೂ ಹೇಗೆ? ಸೌಂದರ್ಯದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ದುಡ್ಡಿನ ಮತ್ತು ದುಡಿಮೆಯ ಪ್ರಶ್ನೆಯಿಂದ ಶುರುಮಾಡಿದರೆ ಈ ಗೋಜಲು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ವೈನ್ ಕಾಲುವೆಗೆ ಹರಿದ ದಿನಗಳು

ಮೆಂಡೋಸಾದ ಅಧಿಕೃತ ಸುಗ್ಗಿ ಹಬ್ಬ ಮೊದಲು ನಡೆದದ್ದು 1936ರಲ್ಲಿ. ಇದನ್ನು ಅನಾದಿ ಕಾಲದ ಜನಪದ ಆಚರಣೆ ಎಂದು ಭಾವಿಸುವವರು ಆ ಇಸವಿಯನ್ನು ಸ್ವಲ್ಪ ಗಮನಿಸಬೇಕು. ಜಾಗತಿಕ ಆರ್ಥಿಕ ಕುಸಿತದ ಪೆಟ್ಟು ಅರ್ಜೆಂಟೀನಾಕ್ಕೆ ಬಲವಾಗಿ ಬಿದ್ದಿತ್ತು. ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ, ತಯಾರಾದ ವೈನ್ ಗೋದಾಮುಗಳಲ್ಲೇ ಉಳಿದಿತ್ತು. 1934ರಲ್ಲಿ ಸರ್ಕಾರ ವೈನ್ ನಿಯಂತ್ರಣ ಮಂಡಳಿಯೊಂದನ್ನು ಮಾಡಿತು. ಬೆಲೆ ಎತ್ತಲು ಅದು ಹಿಡಿದ ದಾರಿ ಕ್ರೂರವಾಗಿತ್ತು: ಫಲ ಕೊಡುತ್ತಿದ್ದ ಬಳ್ಳಿಗಳನ್ನು ಬುಡಸಮೇತ ಕೀಳಿಸಿತು, ತಯಾರಾಗಿದ್ದ ವೈನನ್ನು ರಸ್ತೆ ಬದಿಯ ನೀರುಗಾಲುವೆಗಳಿಗೆ ಚೆಲ್ಲಿಸಿತು.

ಇದಾದ ಒಂದೆರಡು ವರ್ಷಗಳಲ್ಲೇ ಪ್ರಾಂತ್ಯದ ಸರ್ಕಾರ ಹಬ್ಬವೊಂದನ್ನು ಆದೇಶ ಹೊರಡಿಸಿ ಆರಂಭಿಸಿತು. ಗವರ್ನರ್ ಗಿಯೆರ್ಮೊ ಕಾನೊ, ಅವರ ಸಚಿವ ಫ್ರಾಂಕ್ ರೊಮೆರೊ ಡೇ ಇದರ ಹಿಂದಿದ್ದವರು. ಮಾರುಕಟ್ಟೆ ಸೋತ ಬೆಳೆಗೆ ಮತ್ತೆ ಮರ್ಯಾದೆ ತರಬೇಕಿತ್ತು, ರಾಜಧಾನಿಯ ಪತ್ರಿಕೆಗಳು ಮೆಂಡೋಸಾದ ಕಡೆ ತಿರುಗಿ ನೋಡಬೇಕಿತ್ತು. ದ್ರಾಕ್ಷಿ ಗೊಂಚಲಿನ ಚಿತ್ರಕ್ಕಿಂತ ಗೊಂಚಲು ಹಿಡಿದು ನಗುವ ಯುವತಿಯ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಸುಲಭವಾಗಿ ಏರುತ್ತದೆ ಎಂಬುದನ್ನು ಆ ಕಾಲದ ಆಡಳಿತಗಾರರು ಚೆನ್ನಾಗಿ ಬಲ್ಲವರಾಗಿದ್ದರು. ಮೊದಲ ವರ್ಷವೇ ರಾಣಿ ಬಂದಳು.

ಹಬ್ಬದ ಉಳಿದ ಅಂಗಗಳು ಹಳೆಯ ರೈತ ಬದುಕಿನಿಂದ ಬಂದಂಥವು. ಹಣ್ಣುಗಳಿಗೆ ಆಶೀರ್ವಾದ ಬೇಡುವ ಪೂಜೆ, ದ್ರಾಕ್ಷಿತೋಟಗಳ ರಕ್ಷಕಿ ಎಂದು ನಂಬುವ ಕಾರೊಡಿಯಾ ಮಾತೆಯ ಮೂರ್ತಿ, ಗವರ್ನರ್ ನೇಗಿಲ ಗುಳವನ್ನು ಬಡಿದು ಸದ್ದು ಮಾಡುವ ವಿಧಿ ಇವೆಲ್ಲ ಅದರಲ್ಲಿವೆ. ಆಮೇಲೆ ಹದಿನೆಂಟು ವಿಭಾಗಗಳ ರಥಗಳು ಬೀದಿಗೆ ಇಳಿಯುತ್ತವೆ. ರಥದ ಮೇಲಿನಿಂದ ರಾಣಿಯರು ದ್ರಾಕ್ಷಿ, ಕರಬೂಜವನ್ನು ಜನರತ್ತ ಎಸೆಯುತ್ತಾರೆ. ಜನ ಉದ್ದ ಕೋಲಿನ ತುದಿಗೆ ಬುಟ್ಟಿಯನ್ನೋ ಬಲೆಯನ್ನೋ ಕಟ್ಟಿ ಎತ್ತಿ ಹಿಡಿದಿರುತ್ತಾರೆ, ಕರಬೂಜ ಬಿದ್ದರೆ ಕೋಲು ಬಾಗುತ್ತದೆ, ಹಿಡಿದವನು ಮನೆಮಂದಿಯ ಕಡೆ ತಿರುಗಿ ಕೇಕೆ ಹಾಕುತ್ತಾನೆ. ಕೊನೆಗೆ ಬೆಟ್ಟದ ಬುಡದ ಬಯಲು ರಂಗಮಂದಿರದಲ್ಲಿ ಸಾವಿರಾರು ಜನರೆದುರು ಮತ ಎಣಿಸಿ ರಾಷ್ಟ್ರೀಯ ರಾಣಿಯನ್ನು ಘೋಷಿಸುತ್ತಾರೆ. ಪ್ರತಿ ವಿಭಾಗವೂ ತನ್ನ ಹುಡುಗಿಯ ಹೆಸರು ಕೂಗುತ್ತಿರುತ್ತದೆ. ಆ ಹೊತ್ತಿಗೆ ಅದು ಚೆಲುವಿನ ಸ್ಪರ್ಧೆಗಿಂತ ಊರುಗಳ ನಡುವಿನ ಪಂದ್ಯವಾಗಿರುತ್ತದೆ. ಕಿರೀಟ ತೆಗೆಯುವ ಮಾತು ಬಂದಾಗ ಜನ ಇಷ್ಟೊಂದು ಕೆರಳುವುದಕ್ಕೆ ಇದೂ ಕಾರಣ.

ರಾಣಿಯ ಕೆಲಸವೇನು

ಮೆಂಡೋಸಾದ ಕತೆ ಒಂಟಿಯಲ್ಲ. ಅಮೆರಿಕದಲ್ಲಿ 1921ರಲ್ಲಿ ಅಟ್ಲಾಂಟಿಕ್ ಸಿಟಿಯ ವ್ಯಾಪಾರಿಗಳು ಮಿಸ್ ಅಮೆರಿಕ ಸ್ಪರ್ಧೆಯ ಮೂಲರೂಪವನ್ನು ಹುಟ್ಟುಹಾಕಿದ್ದೇ ಬೇಸಿಗೆ ಮುಗಿದ ಮೇಲೂ ಪ್ರವಾಸಿಗರು ಇನ್ನಷ್ಟು ದಿನ ಊರಲ್ಲಿ ಉಳಿಯಲೆಂದು. ಅಲ್ಲಿನ ಕೃಷಿ ಪಟ್ಟಣಗಳು ಈ ಉಪಾಯವನ್ನು ಬೇಗ ಕಲಿತವು. ಲೂಯಿಸಿಯಾನಾದ ಕ್ರೌಲಿಯಲ್ಲಿ ಭತ್ತದ ಹಬ್ಬಕ್ಕೆ, ನ್ಯೂ ಐಬೀರಿಯಾದಲ್ಲಿ ಕಬ್ಬಿನ ಹಬ್ಬಕ್ಕೆ, ಫ್ಲಾರಿಡಾದ ಪ್ಲಾಂಟ್ ಸಿಟಿಯಲ್ಲಿ ಸ್ಟ್ರಾಬೆರಿ ಹಬ್ಬಕ್ಕೆ, ವಾಷಿಂಗ್ಟನ್ ರಾಜ್ಯದ ವೆನಾಚಿಯಲ್ಲಿ ಸೇಬು ಹೂಬಿಡುವ ಹಬ್ಬಕ್ಕೆ ಒಬ್ಬೊಬ್ಬ ರಾಣಿ.

ಜರ್ಮನಿಯ ಪಾಲಟಿನೇಟ್ ಪ್ರದೇಶದಲ್ಲಿ 1931ರಲ್ಲೇ ವೈನ್ ರಾಣಿಯೊಬ್ಬಳನ್ನು ಆರಿಸಿದ್ದರು. ಇಡೀ ದೇಶದ ವೈನ್ ರಾಣಿಯ ಪದವಿ ಬಂದದ್ದು 1949ರಲ್ಲಿ, ಯುದ್ಧದಲ್ಲಿ ನೆಲಕಚ್ಚಿದ ದೇಶ ತನ್ನ ಸರಕಿಗೆ ಕೊಳ್ಳುವವರನ್ನು ಹುಡುಕುತ್ತಿದ್ದಾಗ. ಈಗ 13 ವೈನ್ ಪ್ರದೇಶಗಳ ರಾಣಿಯರು ಈ ಪದವಿಗೆ ಸ್ಪರ್ಧಿಸುತ್ತಾರೆ. ಗೆದ್ದವಳಿಗೆ ವರ್ಷದಲ್ಲಿ ಸುಮಾರು 200 ಕಾರ್ಯಕ್ರಮಗಳು: ಮೇಳಗಳ ಉದ್ಘಾಟನೆ, ವಿದೇಶಿ ಖರೀದಿದಾರರ ಭೇಟಿ, ರುಚಿ ನೋಡುವ ಕೂಟಗಳು, ಪತ್ರಕರ್ತರ ಪ್ರಶ್ನೆಗಳು. ಓದುತ್ತಿರುವವಳಾದರೆ ಆ ವರ್ಷ ಓದಿಗೆ ಬಿಡುವು ಕೊಡಬೇಕಾಗುವುದುಂಟು. ಆಲೂಗೆಡ್ಡೆ, ಈರುಳ್ಳಿ, ಹಾಪ್ಸ್ ಎಂದು ಬೆಳೆಗೊಬ್ಬ ರಾಣಿಯೂ ಆ ದೇಶದಲ್ಲಿದ್ದಾಳೆ.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ರಾಣಿಯ ಪಾತ್ರ ಸ್ಪಷ್ಟವಾಗುತ್ತದೆ. ಅವಳು ಒಂದು ಬೆಳೆಯ, ಒಂದು ಊರಿನ ವರ್ಷಾವಧಿ ಪ್ರಚಾರಕಿ. ಇದೇ ಕೆಲಸವನ್ನು ಜಾಹೀರಾತು ಸಂಸ್ಥೆಗೆ ವಹಿಸಿದರೆ ಬಿಲ್ ಬರುತ್ತದೆ. ರಾಣಿಗೆ ಕಿರೀಟ, ಹೆಗಲಿಗೊಂದು ಪಟ್ಟಿ, ಪ್ರಯಾಣದ ಖರ್ಚು, ಕೆಲವೆಡೆ ವಿದ್ಯಾರ್ಥಿವೇತನ. ಹಳ್ಳಿಯ ಮಟ್ಟದಲ್ಲಂತೂ ಇದು ಬಹುಪಾಲು ಗೌರವಸೇವೆ, ಅಂದರೆ ಬಿಟ್ಟಿ ದುಡಿಮೆ.

ಪ್ರಚಾರದ ಜತೆಗೆ ಹಣ ಎತ್ತುವ ಕೆಲಸವೂ ರಾಣಿಯ ಹೆಗಲಿಗೇ ಬಿದ್ದ ಊರುಗಳಿವೆ. ಫಿಲಿಪ್ಪೀನ್ಸ್‌ನ ಸಣ್ಣ ಊರುಗಳ ಹಬ್ಬಗಳಲ್ಲಿ ಹಣವೇ ಮತ: ಯಾವ ಹುಡುಗಿಯ ಬೆಂಬಲಿಗರು ಹೆಚ್ಚು ದುಡ್ಡು ಕೂಡಿಸುತ್ತಾರೋ ಅವಳೇ ರಾಣಿ, ಕೂಡಿದ ದುಡ್ಡು ಶಾಲೆಗೋ ಚರ್ಚಿಗೋ. ನಮ್ಮ ಜಾತ್ರೆಗಳಲ್ಲಿ ದೇವರ ಹಾರವನ್ನು ಸವಾಲಿಗೆ ಕೂಗುವ ಪದ್ಧತಿಯನ್ನು ಕಂಡವರಿಗೆ ಇದರ ಲೆಕ್ಕಾಚಾರ ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ಮಿಸ್ ಆಸ್ಟ್ರೇಲಿಯಾ ಸ್ಪರ್ಧೆಯೂ 1954ರಿಂದ 2000ದವರೆಗೆ ಸೆರೆಬ್ರಲ್ ಪಾಲ್ಸಿ ಇರುವವರ ನೆರವಿಗೆ ನಿಧಿ ಸಂಗ್ರಹಿಸುವ ದೊಡ್ಡ ಯಂತ್ರವಾಗಿತ್ತು. ಚೆಲುವಿನ ಹೆಸರಿನಲ್ಲಿ ನಡೆಯುವ ಸ್ಪರ್ಧೆಯಲ್ಲಿ ಗೆಲ್ಲುವುದು ಹಲವು ಸಲ ಕುಟುಂಬದ ಹಣಬಲ, ಸಂಪರ್ಕಬಲ. ಈ ಮಾತನ್ನು ವಿರೋಧಿಗಳೂ ಸಾಕಷ್ಟು ಹೇಳುವುದಿಲ್ಲ ಎಂಬುದು ಆಶ್ಚರ್ಯ.

ತೆಗೆಯಿರಿ ಎನ್ನುವವರ ಮಾತು

ಅರ್ಜೆಂಟೀನಾದ ವಿರೋಧಕ್ಕೆ ಕಾನೂನಿನ ಬುನಾದಿಯಿದೆ. 2009ರಲ್ಲಿ ಆ ದೇಶ ಮಹಿಳೆಯರ ಮೇಲಿನ ದೌರ್ಜನ್ಯ ತಡೆಗೆ 26,485ನೇ ಸಂಖ್ಯೆಯ ಕಾನೂನನ್ನು ತಂದಿತು. ದೈಹಿಕ, ಮಾನಸಿಕ, ಲೈಂಗಿಕ, ಆರ್ಥಿಕ ಹಿಂಸೆಗಳ ಸಾಲಿನಲ್ಲಿ ಅದು ಸಾಂಕೇತಿಕ ಹಿಂಸೆಯನ್ನೂ ಹೆಸರಿಸುತ್ತದೆ. ಹೆಣ್ಣು ಕೀಳು, ಹೆಣ್ಣು ಇರುವುದೇ ಹೀಗೆ ಎಂಬ ಸಿದ್ಧ ಅಚ್ಚುಗಳನ್ನು ಚಿತ್ರ, ಸಂಕೇತ, ಮಾತುಗಳ ಮೂಲಕ ಸಮಾಜದಲ್ಲಿ ಊರ್ಜಿತಗೊಳಿಸುವುದು ಸಾಂಕೇತಿಕ ಹಿಂಸೆ. ಸರ್ಕಾರಿ ಖರ್ಚಿನಲ್ಲಿ ನಡೆಯುವ ಸೌಂದರ್ಯ ಸ್ಪರ್ಧೆ ಈ ವ್ಯಾಖ್ಯೆಯ ಒಳಗೆ ಬರುತ್ತದಲ್ಲವೇ ಎಂದು ಮಹಿಳಾ ಸಂಘಟನೆಗಳು ಕೇಳಿದವು. ಬ್ಯೂನಸ್ ಐರಿಸ್ ಪ್ರಾಂತ್ಯದ ಚಿವಿಲ್ಕೊಯ್ ಎಂಬ ಪಟ್ಟಣ 2014ರಲ್ಲಿ ಹೌದೆಂದು ಒಪ್ಪಿ ಇಂಥ ಸ್ಪರ್ಧೆಗಳನ್ನು ಕೈಬಿಟ್ಟಿತು. ಅದರ ಬದಲಿಗೆ ಸಮಾಜಸೇವೆಯಲ್ಲಿ ತೊಡಗಿದ ಯುವಜನರನ್ನು ಗೌರವಿಸುವುದೆಂದು ತೀರ್ಮಾನಿಸಿತು. ಮರುವರ್ಷ ಸ್ತ್ರೀಹತ್ಯೆಗಳ ವಿರುದ್ಧ ದೇಶಾದ್ಯಂತ ಲಕ್ಷಾಂತರ ಜನ ಬೀದಿಗಿಳಿದ ಚಳವಳಿ ಈ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಒಂದರ ಹಿಂದೊಂದು ಪಟ್ಟಣ ಅದೇ ದಾರಿ ಹಿಡಿಯಿತು.

ಅರ್ಹತೆಯ ಷರತ್ತುಗಳು ಈ ವಾದಕ್ಕೆ ಒಳ್ಳೆಯ ಸಾಕ್ಷಿ ಒದಗಿಸುತ್ತಿದ್ದವು. ಅವಿವಾಹಿತೆಯಾಗಿರಬೇಕು, ಮಕ್ಕಳಿರಬಾರದು, ಇಂತಿಷ್ಟು ವಯಸ್ಸಿನೊಳಗಿರಬೇಕು ಎಂಬ ನಿಯಮಗಳು ಇಂಥ ಹಬ್ಬಗಳಲ್ಲಿ ದೀರ್ಘಕಾಲ ಇದ್ದವು. ಪ್ರಚಾರಕಿಯ ಕೆಲಸಕ್ಕೆ ಮಗುವಿಲ್ಲದಿರುವುದು ಯಾವ ಅರ್ಹತೆ? ಬೆಳೆಯ ಬಗ್ಗೆ ಮಾತಾಡಲು ಮದುವೆಯಾಗದಿರುವುದು ಏಕೆ ಬೇಕು? ಉಳಿಸಬೇಕೆನ್ನುವವರ ಬಳಿ ಇದಕ್ಕೆ ನೇರ ಉತ್ತರವಿಲ್ಲ. ಮೆಂಡೋಸಾದ ಹಲವು ಕಡೆ ಈ ಷರತ್ತುಗಳು ಸಡಿಲವಾಗಿರುವುದಕ್ಕೂ ಅದೇ ಕಾರಣ.

ಇನ್ನೊಂದು ಆಕ್ಷೇಪ ಅಷ್ಟಾಗಿ ಸುದ್ದಿಯಾಗುವುದಿಲ್ಲ, ಆದರೆ ತೂಕದ್ದು. ಸುಗ್ಗಿ ಎಂದರೆ ಮೊದಲು ಕೊಯ್ಲು. ಮೆಂಡೋಸಾದ ದ್ರಾಕ್ಷಿತೋಟದಲ್ಲಿ ಕೊಯ್ಲಿನ ಆಳು ಸುಮಾರು ಇಪ್ಪತ್ತು ಕಿಲೋ ಹಿಡಿಯುವ ಡಬ್ಬವನ್ನು ತುಂಬಿ, ಹೆಗಲಿಗೇರಿಸಿ, ಸಾಲುಗಳ ನಡುವೆ ಅವಸರದ ಹೆಜ್ಜೆಯಲ್ಲಿ ಹೋಗಿ, ಏಣಿ ಹತ್ತಿ ಲಾರಿಗೆ ಸುರಿಯುತ್ತಾನೆ. ಸುರಿದಾಗ ಕೈಗೊಂದು ಬಿಲ್ಲೆ ಸಿಗುತ್ತದೆ. ಕೂಲಿಯ ಲೆಕ್ಕ ಆ ಬಿಲ್ಲೆಗಳಲ್ಲಿ. ಈ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ರಥದ ಮೇಲೆ ಏರುವ ಮುಖ ಇವರ ದುಡಿಮೆಯನ್ನು ಪ್ರತಿನಿಧಿಸುತ್ತದೆ ಎಂದು ಭಾಷಣಗಳಲ್ಲಿ ಹೇಳಲಾಗುತ್ತದೆ. ಬಿಲ್ಲೆಯ ದರ ಎಷ್ಟಿರಬೇಕೆಂಬ ಚರ್ಚೆಗೆ ಮಾತ್ರ ಅಂಥ ವೇದಿಕೆ ಸಿಗುವುದಿಲ್ಲ.

ಇರಲಿ ಎನ್ನುವವರ ಮಾತು

ಮಾಜಿ ರಾಣಿಯರ ವಾದವನ್ನು ಹಳೆಯ ಮೋಹ ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಸಣ್ಣ ಊರಿನ ಇಪ್ಪತ್ತರ ಹುಡುಗಿಗೆ ಸಚಿವರ ಪಕ್ಕ ಕುಳಿತು ಮಾತಾಡುವ, ಮೈಕಿನ ಮುಂದೆ ಅಂಜದೆ ನಿಲ್ಲುವ, ಊರಾಚೆಯ ಜನರ ಪರಿಚಯ ಮಾಡಿಕೊಳ್ಳುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ ಎಂಬುದು ಅವರ ಪ್ರಶ್ನೆ. ಜರ್ಮನಿಯ ಯೂಲಿಯಾ ಕ್ಲ್ಯೋಕ್ನರ್ 1995ರಲ್ಲಿ ವೈನ್ ರಾಣಿಯಾಗಿದ್ದವರು. 2018ರಲ್ಲಿ ದೇಶದ ಕೃಷಿ ಸಚಿವೆಯಾದರು, 2025ರಲ್ಲಿ ಸಂಸತ್ತಿನ ಅಧ್ಯಕ್ಷೆ. ಇದು ಅಪರೂಪದ ಉದಾಹರಣೆ ನಿಜ. ಆದರೂ ಕಿರೀಟದಿಂದ ಹೆಣ್ಣು ಬೊಂಬೆಯಾಗುತ್ತಾಳೆ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಲಾಗದು ಎನ್ನುವುದಕ್ಕೆ ಸಾಕು.

ಅವರ ಎರಡನೆಯ ಪ್ರಶ್ನೆ ಇನ್ನೂ ಚುರುಕಾದದ್ದು: ಈ ತೀರ್ಮಾನವನ್ನು ನಮ್ಮ ಪರವಾಗಿ ಮಾಡಿದವರು ಯಾರು? ಸ್ಪರ್ಧಿಸುವ ಹುಡುಗಿಯರನ್ನು ಕೂಡಿಸಿ ಕೇಳದೆ ಅವರ ಘನತೆಯನ್ನು ಕಾಪಾಡಲು ಹೊರಡುವುದರಲ್ಲಿ ಒಂದು ಬಗೆಯ ಯಜಮಾನಿಕೆ ಇದ್ದೇ ಇದೆ.

ಇದರ ಜತೆ ಪ್ರವಾಸೋದ್ಯಮದ ಹಿತಾಸಕ್ತಿಯೂ ಸೇರಿಕೊಂಡಿದೆ. ಅರ್ಜೆಂಟೀನಾದಲ್ಲಿ 1970ರ ಆಸುಪಾಸಿನಲ್ಲಿ ತಲಾ ವೈನ್ ಬಳಕೆ ವರ್ಷಕ್ಕೆ 80 ಲೀಟರ್ ಮೀರಿತ್ತು, ಈಗ 20 ಲೀಟರಿಗೂ ಕಡಿಮೆ. ದೇಶದ ವೈನ್‌ನಲ್ಲಿ ಮೂರನೇ ಎರಡರಷ್ಟಕ್ಕೂ ಹೆಚ್ಚು ತಯಾರಾಗುವುದು ಮೆಂಡೋಸಾದಲ್ಲಿ. ಊರಿನವರು ಕುಡಿಯುವುದು ಕಡಿಮೆಯಾದಷ್ಟೂ ಹೊರಗಿನಿಂದ ಬರುವ ಪ್ರವಾಸಿಯ ಮೇಲೆ ಅವಲಂಬನೆ ಹೆಚ್ಚು. ಹೋಟೆಲಿನವರು, ವೈನ್ ತಯಾರಕರು ಕಿರೀಟ ಬಿಡಲು ಹಿಂಜರಿಯುವುದಕ್ಕೆ ಪರಂಪರೆಯ ಮೇಲಿನ ಭಕ್ತಿಗಿಂತ ಇದು ದೊಡ್ಡ ಕಾರಣ.

ಹೆಸರು ಬದಲಿಸಿದರೆ ಸಾಕೇ

ಎರಡೂ ಕಡೆಯವರನ್ನು ಸಮಾಧಾನಪಡಿಸಲು ಹಲವು ಕಡೆ ನಡುವಿನ ದಾರಿಗಳು ಬಂದಿವೆ. ಜರ್ಮನಿಯ ವೈನ್ ರಾಣಿಗೆ ದ್ರಾಕ್ಷಿ ಕೃಷಿ, ವೈನ್ ತಯಾರಿಕೆ, ಮಾರಾಟದ ಬಗ್ಗೆ ಪರಿಣತರು ಪ್ರಶ್ನೆ ಕೇಳುತ್ತಾರೆ, ಇಂಗ್ಲಿಷ್ ಬಲ್ಲಳೇ ಎಂದೂ ನೋಡುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1962ರಿಂದ ಷೋಗರ್ಲ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಕೃಷಿ ಮೇಳದ ಸ್ಪರ್ಧೆಗೆ ಈಗ ಯುವ ಮಹಿಳೆ ಸ್ಪರ್ಧೆ ಎಂದು ಹೆಸರು. ಅಲ್ಲಿ ಮುಖ್ಯವಾಗಿ ನಡೆಯುವುದು ಸಂದರ್ಶನ: ನಿಮ್ಮ ಜಿಲ್ಲೆಯ ಬೆಳೆ ಯಾವುದು, ಬರ ಬಂದಾಗ ಏನಾಯಿತು, ಊರಿನ ಮುಂದಿನ ಸವಾಲೇನು. ಮಿಸ್ ಅಮೆರಿಕ ಸಂಸ್ಥೆ 2018ರಲ್ಲಿ ಈಜುಡುಗೆಯ ಸುತ್ತನ್ನೇ ಕೈಬಿಟ್ಟಿತು.

ಈ ಬದಲಾವಣೆಗಳು ನಿಜವಾದವು, ಆದರೆ ಅವುಗಳಿಗೆ ಒಂದು ಅಡ್ಡಪರಿಣಾಮವಿದೆ. ಅಳತೆಗೋಲು ಚೆಲುವಿನಿಂದ ಜ್ಞಾನಕ್ಕೆ, ಮಾತುಗಾರಿಕೆಗೆ ಜರುಗಿದ ಕೂಡಲೇ ಮೊದಲು ಹೊರಬೀಳುವವಳು ಓದು ಅರ್ಧಕ್ಕೆ ಬಿಟ್ಟ, ವಾರಪೂರ್ತಿ ದುಡಿಯುವ ಹುಡುಗಿ. ಒಳಗೆ ಉಳಿಯುವವಳು ಕಾಲೇಜು ಓದಿದ, ರಜೆ ಹಾಕಲು ಸಾಧ್ಯವಿರುವ, ಅನುಕೂಲಸ್ಥ ಮನೆಯವಳು. ಮೈಕಟ್ಟಿನ ತಾರತಮ್ಯ ತಗ್ಗಿದಲ್ಲಿ ವರ್ಗದ ತಾರತಮ್ಯ ನಯವಾಗಿ ಬಂದು ಕೂರುತ್ತದೆ. ಅಲ್ಲದೆ ಸಂದರ್ಶನ ಎಷ್ಟೇ ಗಂಭೀರವಾಗಿರಲಿ, ಮರುದಿನ ಪತ್ರಿಕೆಯಲ್ಲಿ ಬರುವುದು ಗೌನು ತೊಟ್ಟ ಚಿತ್ರವೇ.

ನಮ್ಮ ಕಡೆ

ಕರ್ನಾಟಕದಲ್ಲಿ ರೈತರೂ ಸೌಂದರ್ಯ ಸ್ಪರ್ಧೆಯೂ ಎದುರುಬದುರಾದದ್ದು ಇದಕ್ಕೆ ತದ್ವಿರುದ್ಧವಾದ ರೀತಿಯಲ್ಲಿ. 1996ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಅದನ್ನು ವಿರೋಧಿಸಿದವರ ಸಾಲಿನಲ್ಲಿತ್ತು. ಅದೇ ವರ್ಷದ ಆರಂಭದಲ್ಲಿ ವಿದೇಶಿ ಕೋಳಿ ಅಂಗಡಿಯ ಮೇಲೆ ನಡೆದ ದಾಳಿಯ ಮುಂದುವರಿದ ಭಾಗ ಅದು. ಅವರ ಕಣ್ಣಿಗೆ ಕಿರೀಟವೆಂದರೆ ಬಹುರಾಷ್ಟ್ರೀಯ ಕಂಪನಿಗಳು ಸೌಂದರ್ಯವರ್ಧಕಗಳನ್ನು ಮಾರಲು ಮಾಡಿದ ಏರ್ಪಾಡು. ಮಹಿಳಾ ಸಂಘಟನೆಗಳು, ಸಂಸ್ಕೃತಿಯ ಹೆಸರಿನ ಬಲಪಂಥೀಯರು ತಮ್ಮ ತಮ್ಮ ಕಾರಣ ಹಿಡಿದು ಅದೇ ಬೀದಿಗೆ ಬಂದಿದ್ದರು. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ವಿರೋಧಕ್ಕೂ ಒಂದೇ ಮುಖವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಈ ನಡುವೆ ನಮ್ಮ ನೆರೆಹೊರೆಯ ಹಬ್ಬಗಳಲ್ಲಿ ಕಿರೀಟ ಬೇರೆ ವೇಷದಲ್ಲಿ ಬಂದು ನೆಲೆಸಿದೆ. ಕೇರಳದ ಓಣಂ ಸಂದರ್ಭದ ಮಲಯಾಳಿ ಮಂಕ ಸ್ಪರ್ಧೆಯಲ್ಲಿ ಕಸವು ಸೀರೆ, ಮುಡಿಯಲ್ಲಿ ಹೂವು. ಅಸ್ಸಾಮಿನ ಬಿಹು ವೇದಿಕೆಗಳಲ್ಲಿ ಬಿಹು ಕುಂವರಿ ಆಗುವವಳು ಮೇಖೇಲಾ ಚಾದರ ಉಟ್ಟು ಕುಣಿದು ಗೆಲ್ಲಬೇಕು. ಈಜುಡುಗೆ ಇಲ್ಲದ ಕಾರಣ ಇವುಗಳ ಬಗ್ಗೆ ಗದ್ದಲವಿಲ್ಲ. ಆದರೆ ಹೆಣ್ಣು ಹೇಗೆ ಕಾಣಬೇಕೆಂದು ತೀರ್ಪುಗಾರರು ಹೇಳುವುದು ಇಲ್ಲೂ ಇದೆ. ಬದಲಾದದ್ದು ಬಟ್ಟೆಯ ಅಳತೆ. ಈ ಮಾತು ಎರಡೂ ಕಡೆಯವರಿಗೆ ರುಚಿಸಲಾರದು.

ಮುಂದೇನಾಗಬಹುದು

ಸ್ಥಳೀಯ ಆಡಳಿತ ಸ್ಪರ್ಧೆಯನ್ನು ರದ್ದುಮಾಡಿದಾಗ ಸ್ಪರ್ಧೆಯ ಆಸೆಯೇನೂ ರದ್ದಾಗುವುದಿಲ್ಲ. ಸರ್ಕಾರ ಬಿಟ್ಟ ಜಾಗಕ್ಕೆ ಖಾಸಗಿ ಆಯೋಜಕರು ಬರುತ್ತಾರೆ. ಅವರಿಗೆ ಪ್ರವೇಶ ಶುಲ್ಕ ಬೇಕು, ಪ್ರಾಯೋಜಕರು ಬೇಕು, ಹಾಗಾಗಿ ಮೈಮಾಟದ ಮೇಲಿನ ಒತ್ತು ಹೆಚ್ಚುವ ಸಂಭವವೇ ಹೆಚ್ಚು. ಪುರಸಭೆಯ ಸ್ಪರ್ಧೆಯಲ್ಲಿ ಅನ್ಯಾಯವಾದರೆ ಸದಸ್ಯರನ್ನು ಪ್ರಶ್ನಿಸಬಹುದು, ಖರ್ಚಿನ ಲೆಕ್ಕ ಕೇಳಬಹುದು. ಖಾಸಗಿಯವರ ಹತ್ತಿರ ಅದು ನಡೆಯದು. ನಿಷೇಧದ ಪರ ಇರುವವರು ಈ ಸರಪಳಿಯನ್ನು ಪೂರ್ತಿ ಯೋಚಿಸಿದಂತೆ ಕಾಣುವುದಿಲ್ಲ.

ಹಳೆಯ ನಿಯಮಗಳ ಸಮೇತ ಉಳಿಸಿಕೊಂಡರೆ ಆಗುವುದು ಬೇರೆ. ಜರ್ಮನಿಯ ಎಷ್ಟೋ ವೈನ್ ಹಳ್ಳಿಗಳಿಗೆ ಈಗ ರಾಣಿಯಾಗಲು ಹುಡುಗಿಯರೇ ಸಿಗುತ್ತಿಲ್ಲ. ಓದಿಗೆ, ಉದ್ಯೋಗಕ್ಕೆ ನಗರಕ್ಕೆ ಹೋದವಳಿಗೆ ವರ್ಷವಿಡೀ ವಾರಾಂತ್ಯಗಳನ್ನು ಊರಿನ ಹಬ್ಬಗಳಿಗೆ ಮೀಸಲಿಡುವುದು ದುಬಾರಿ ಬಾಬತ್ತು. ಕೆಲವೆಡೆ ಪಟ್ಟ ಖಾಲಿ ಉಳಿದಿದೆ, ಕೆಲವೆಡೆ ಯುವಕರಿಗೂ ಅವಕಾಶ ತೆರೆದಿದ್ದಾರೆ. ಚಳವಳಿ ಕೆಡವಲಾಗದ ಪದ್ಧತಿಯನ್ನು ಅಭ್ಯರ್ಥಿಗಳ ಕೊರತೆ ಕೆಡವುವುದು ಇಲ್ಲಿ ಅಸಂಭವವಲ್ಲ.

ಹಾಗಿದ್ದರೆ ಇದನ್ನು ಕೆಲಸವೆಂದು ಒಪ್ಪಿ ಸಂಬಳ ಕೊಟ್ಟರೆ? ತಾರ್ಕಿಕವಾಗಿ ಇದೇ ಸರಿಯಾದ ದಾರಿ. ಲಿಖಿತ ಒಪ್ಪಂದ, ದಿನಕ್ಕಿಷ್ಟು ಭತ್ಯೆ, ಚಿತ್ರಗಳನ್ನು ಎಲ್ಲಿ ಬಳಸಬಹುದೆಂಬ ಕರಾರು, ಕಿರುಕುಳವಾದರೆ ದೂರು ಕೊಡಲು ಒಬ್ಬ ಅಧಿಕಾರಿ. ಆದರೆ ಕೆಲಸವೆಂದು ಒಪ್ಪಿದ ಕ್ಷಣ ಕಾರ್ಮಿಕ ಕಾನೂನು ಬಾಗಿಲಿಗೆ ಬಂದು ನಿಲ್ಲುತ್ತದೆ: ಹುದ್ದೆಗೆ ಮದುವೆಯ, ಮಕ್ಕಳ, ಎತ್ತರದ ಷರತ್ತು ಹಾಕುವುದು ಕಷ್ಟ, ಗಂಡಸರು ಅರ್ಜಿ ಹಾಕಿದರೆ ತಡೆಯುವುದು ಇನ್ನೂ ಕಷ್ಟ. ಹಬ್ಬದ ಸಮಿತಿಗಳು ಗೌರವ ಎಂಬ ಶಬ್ದವನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುವುದು ಈ ಕಾರಣಕ್ಕೆ. ವಿರೋಧಿಗಳಿಗೂ ಈ ದಾರಿ ಒಗ್ಗುವುದಿಲ್ಲ, ಏಕೆಂದರೆ ಅವರು ತೆಗೆಯಬೇಕೆಂದಿರುವುದನ್ನು ಇದು ಕಾಯಂ ಮಾಡುತ್ತದೆ. ಹೀಗಾಗಿ ರಾಣಿಯ ದುಡಿಮೆಗೆ ಬೆಲೆ ಕಟ್ಟುವ ಪ್ರಸ್ತಾಪ ಎರಡು ಬಣಗಳಲ್ಲಿ ಯಾವುದರ ಬೇಡಿಕೆ ಪಟ್ಟಿಯಲ್ಲೂ ಮೇಲಿನ ಸಾಲಿನಲ್ಲಿ ಕಾಣುವುದಿಲ್ಲ.